ಹರಿದ ರೆಕ್ಕೆಗೆ ಟಚಿಂಗ್

ಅಂಗಡಿಯನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟ ಮೇಲೂ ಹೊಸದಾಗಿ ಕ್ಯಾಮೆರಾ ಹಿಡಿದವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಲೆನ್ಸ್ ಕೊಳ್ಳಬೇಕು, ಡ್ರೋನ್ ಬೇಕೋ ಬೇಡವೋ ಎಂದು ಕೇಳುತ್ತಾರೆ. ಅದೆಲ್ಲ ಅವರಿಗೇ ನನಗಿಂತ ಚೆನ್ನಾಗಿ ಗೊತ್ತು. ಹೋದ ತಿಂಗಳು ಒಬ್ಬಾತ, "ಕಾಕಾ, ಫೋಟೊ ಚಲೋ ಬಂದದ ಅಂತ ನಿಮಗ ಹ್ಯಾಂಗ ಗೊತ್ತಾಗ್ತದ?" ಎಂದು ಕೇಳಿದ. ಹಿಂದಾಗಿದ್ದರೆ ಥಟ್ಟನೆ ಹೇಳುತ್ತಿದ್ದೆ. ಆವತ್ತು ಚಹಾ ಕುಡಿಸಿ ಕಳಿಸಿದೆ. ಹೇಳದೆ ಹೋದದ್ದು ಮನಸ್ಸಿಗೆ ಸರಿ ಬರಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನು ಗೊಬ್ಬೂರಿನವನು. ಏಳನೆಯ ತರಗತಿಗೆ ಸಾಲೆ ಬಿಟ್ಟವನು. ಬರವಣಿಗೆಯಲ್ಲಿ ಒತ್ತು, ದೀರ್ಘ ತಪ್ಪಿದ್ದರೆ ತಿದ್ದಿಕೊಳ್ಳಿ. ಕೆಲಸದಲ್ಲಿ ತಪ್ಪು ಹುಡುಕುವವರು ಮಾತ್ರ ಅಫಜಲಪುರ, ಆಳಂದ, ಜೇವರ್ಗಿ ತಾಲೂಕುಗಳ ಮನೆಗಳಿಗೆ ಹೋಗಿ ಗೋಡೆ ನೋಡಿ ಬರಲಿ. ಮದುಮಕ್ಕಳು, ತೊಟ್ಟಿಲ ಕೂಸುಗಳು, ತೀರಿಹೋದ ಹಿರಿಯರು, ಎಲ್ಲರೂ ನನ್ನ ಕೈಯಲ್ಲಿ ಹಾದುಹೋದವರೇ.

ಕೆಲಸ ಕಲಿತದ್ದು ಆಳಂದದಲ್ಲಿ, ಕಾಸೀಮ್ ಉಸ್ತಾದರ ಸ್ಟುಡಿಯೋದಲ್ಲಿ. ಆಗ ಕಪ್ಪು ಬಿಳುಪಿನ ಕಾಲ. ಫೋಟೊ ತೆಗೆಯುವುದು ಒಂದು ಕ್ಷಣದ ಕೆಲಸ, ಟಚಿಂಗ್ ಇಡೀ ಮಧ್ಯಾಹ್ನದ ಕೆಲಸ. ನೆಗೆಟಿವ್ ಅನ್ನು ಗಾಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಮುಖದ ಕಲೆಗಳನ್ನು ಒಂದೊಂದಾಗಿ ತುಂಬಬೇಕು. ಉಸ್ತಾದರು ನನ್ನ ಹಿಂದೆ ನಿಂತು ಹೇಳುತ್ತಿದ್ದರು: "ಗಿರಾಕಿ ದಿನಾ ಕನ್ನಡ್ಯಾಗ ತನ್ನ ಮುಖಾ ನೋಡತಾನ ಬೇಟಾ. ಅದನ್ನೇ ನೋಡಾಕ ನಮ್ಮ ಕಡಿ ಯಾಕ ಬರತಾನ?"

ಕಲಿಯುವ ಹುಮ್ಮಸ್ಸಿನಲ್ಲಿ ಒಮ್ಮೆ ಒಬ್ಬ ಹುಡುಗಿಯ ಎರಡೂ ಕೆನ್ನೆಯ ಗುಳಿಗಳನ್ನು ಕಲೆ ಎಂದು ತಿಳಿದು ತುಂಬಿಬಿಟ್ಟೆ. ಪ್ರಿಂಟು ಬಂದಾಗ ಹುಡುಗಿ ಯಾರದೋ ಮೇಲೆ ಮುನಿಸಿಕೊಂಡವಳಂತೆ ಕುಳಿತಿದ್ದಳು. ಉಸ್ತಾದರು ಬಹಳ ಹೊತ್ತು ನೋಡಿ, "ಅಕಿ ನಕ್ಕದ್ದನ್ನ ಒರೆಸಿಬಿಟ್ಟೆಲ್ಲೋ" ಎಂದರು. ಬೈಯಲಿಲ್ಲ. ಪೆನ್ಸಿಲ್ ಕಸಿದುಕೊಂಡು ಒಂದು ವಾರ ಬರೀ ಪ್ರಿಂಟು ತೊಳೆಯುವ ಕೆಮಿಕಲ್ಲಿನ ತಟ್ಟೆ ತಿಕ್ಕಲು ಹಚ್ಚಿದರು.

ಅಫಜಲಪುರದಲ್ಲಿ ಸ್ವಂತ ಅಂಗಡಿ ಹಾಕಿದ ಮೇಲೆ ನನಗೆ ಹೆಸರು ತಂದದ್ದು ಜೇವರ್ಗಿಯ ಒಂದು ಕೆಲಸ. ಒಬ್ಬ ತಾಯಿ ತೀರಿಹೋದ ಮಗನ ಸಣ್ಣ ಫೋಟೊ ತಂದಿದ್ದಳು. ಅವನಿಗೆ ಎಳೆತನದಲ್ಲೇ ಒಂದು ಕಣ್ಣು ಹೋಗಿತ್ತು. "ದೊಡ್ಡದು ಮಾಡ್ರಿ" ಎಂದಷ್ಟೇ ಹೇಳಿದಳು. ನಾನು ದೊಡ್ಡದು ಮಾಡಿದೆ, ಇನ್ನೊಂದು ಕಣ್ಣನ್ನೂ ಇಟ್ಟೆ. ಆಕೆ ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಗಾಜು ಒರೆಸಿ, "ಎರಡೂ ಕಣ್ಣಿಲೆ ನೋಡಾಕತ್ತಾನ ನೋಡ್ರಿ" ಎಂದಳು. ಆಮೇಲೆ ಸುತ್ತಲ ಹಳ್ಳಿಯವರೆಲ್ಲ ನನ್ನನ್ನು 'ಕಣ್ಣು ಇಡಾಂವ ಶರಣಪ್ಪ' ಎಂದೇ ಕರೆದರು. ನನಗೆ ಹೆಮ್ಮೆಯಿತ್ತು. ಈಗಲೂ ಇದೆ.

ಪೆನ್ಸಿಲ್ ಹೋಯಿತು, ಬಣ್ಣದ ರೀಲು ಬಂತು. ರೀಲು ಹೋಯಿತು, ಕಾರ್ಡು ಬಂತು. ಕೂದಲು ಬೆಳ್ಳಗಾಗುವ ವಯಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತೆ. ಇಂಗ್ಲಿಷ್ ಓದಲು ಬಾರದು, ಬಟನ್ನುಗಳ ಮೇಲಿನ ಚಿತ್ರ ನೋಡಿ ಕಲಿತೆ. ಕಲಿತ ಮೇಲೆ ಆಶ್ಚರ್ಯವಾಯಿತು. ಒಂದು ಮಧ್ಯಾಹ್ನದ ಕೆಲಸ ಈಗ ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮುಗಿಯುತ್ತಿತ್ತು. ಒಂದು ಕಿವಿ ಸೊಟ್ಟಗಿದ್ದರೆ ಇನ್ನೊಂದು ಕಿವಿಯನ್ನು ನಕಲು ಮಾಡಿ, ತಿರುಗಿಸಿ, ಅಂಟಿಸಿದರೆ ಆಯಿತು.

ಇಷ್ಟರವರೆಗೆ ನನಗೆ ಗೊಂದಲವೇ ಇರಲಿಲ್ಲ. ಗೊಂದಲ ಶುರುವಾದದ್ದು ನಾನು ಅಂಗಡಿ ಬಿಡುವುದಕ್ಕೆ ಸ್ವಲ್ಪ ಮೊದಲಿನ ಬೇಸಿಗೆಯಲ್ಲಿ, ಪಾತರಗಿತ್ತಿಗಳಿಂದ.

ನಸೀಮ್ ಟೀಚರ್ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ಅವರ ಮದುವೆಯ ಫೋಟೊ ತೆಗೆದವನು ನಾನೇ. ಬೇಸಿಗೆ ರಜೆಯಲ್ಲಿ ಒಂದು ದಿನ ಅಂಗಡಿಗೆ ಬಂದು, ನಮ್ಮೂರ ಪಾರ್ಕಿನ ಹಿಂದಿನ ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ನೀರಿನ ಟಾಕಿ ಸೋರಿ ಸದಾ ಕೆಸರು. ಸುತ್ತ ಎಕ್ಕೆಗಿಡ, ಒಂದು ನಿಂಬೆಗಿಡ, ಯಾರೂ ಹೆಸರಿಡದ ಕಳೆಗಿಡಗಳು. ಆ ಮೂಲೆಯನ್ನು ಸಪಾಟು ಮಾಡಿ, ಸಿಮೆಂಟ್ ಹಾಕಿ, ವ್ಯಾಯಾಮದ ಕಬ್ಬಿಣದ ಸಾಮಾನು ನಿಲ್ಲಿಸುವುದೆಂದು ಗೊತ್ತಾಗಿತ್ತು. ಟೀಚರ್ ಆ ಕೆಲಸ ನೋಡಿಕೊಳ್ಳುವ ಸಾಹೇಬರ ಹತ್ತಿರ ಹೋಗಿ, ಅಲ್ಲಿ ಪಾತರಗಿತ್ತಿಗಳಿವೆ, ಮೂಲೆ ಬಿಡಿ ಎಂದು ಕೇಳಿದ್ದರು.

"ಅವರು ಏನಂದ್ರು ಗೊತ್ತೇನ್ರಿ?" ಎಂದರು ಟೀಚರ್. "ಪಾತರಗಿತ್ತಿ ಹೊಲದಿಂದ ಬರತಾವ, ಹೋಗತಾವ. ಇಲ್ಲೇನು ಅವು ಸಂಸಾರ ಹೂಡ್ಯಾವೇನು ಅಂದ್ರು. ತೋರಸ್ತೀನಿ ಅಂತ ಹೇಳಿ ಬಂದೀನಿ. ಖುದ್ದ ಬಂದು ನೋಡತಾರಂತ. ಅಷ್ಟರೊಳಗ ನೀವು ತೆಗೆದು ಕೊಡಬೇಕು. ಒಂದೇ ದಿನ ಅಲ್ಲ, ಬ್ಯಾರೆ ಬ್ಯಾರೆ ದಿನ. ನನ್ನ ಮೊಬೈಲ್ ಹತ್ತಿರ ಒಯ್ದರ ಹಾರಿ ಹೋಗತಾವ."

"ಸಾಹೇಬ್ರಿಗೆ ತೋರಸೂದಂದ್ರ ಚಂದ ಬರಬೇಕಲ್ರಿ" ಎಂದೆ.

"ಹೌದ್ರಿ, ಚಂದ ಬರಬೇಕು" ಎಂದರು.

ಅಷ್ಟೇ ಮಾತಾದದ್ದು. ಈ ಮಾತಿನಲ್ಲಿ ಅವರಿಗೆ ಅರ್ಥವಾದದ್ದು ಒಂದು, ನನಗೆ ಅರ್ಥವಾದದ್ದು ಒಂದು. ನಮ್ಮ ಧಂದೆಯಲ್ಲಿ ತೋರಿಸುವ ಫೋಟೊ ಎಂದರೆ ವರನ ಕಡೆಯವರಿಗೆ ಕನ್ಯೆ ತೋರಿಸುವ ಫೋಟೊ. ಅದಕ್ಕೆ ಬೇರೆ ಟಚಿಂಗ್ ಇರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಮನುಷ್ಯರನ್ನು ಕೂರಿಸಿ ಫೋಟೊ ತೆಗೆದವನಿಗೆ ಪಾತರಗಿತ್ತಿ ಬಹಳ ಕಷ್ಟದ ಗಿರಾಕಿ. ಗದ್ದ ಎತ್ತು ಎಂದರೆ ಎತ್ತುವುದಿಲ್ಲ. ಅದರ ಮುಂಭಾಗ ಯಾವುದು, ಮುಖ ಯಾವುದು ಎಂಬುದೇ ಮೊದಲೆರಡು ದಿನ ತಿಳಿಯಲಿಲ್ಲ. ರೆಕ್ಕೆ ಮುಚ್ಚಿದರೆ ಒಣಗಿದ ಎಲೆ, ತೆರೆದರೆ ರೇಷ್ಮೆ ಸೀರೆ. ಎರಡರಲ್ಲಿ ಯಾವುದು ಅದರ ನಿಜವಾದ ಫೋಟೊ?

ನಿಧಾನಕ್ಕೆ ಕೆಲವು ತಿಳಿದವು. ನಮ್ಮ ನೆರಳು ಅದರ ಮೇಲೆ ಬಿದ್ದರೆ ಹಾರುತ್ತದೆ, ಅದಕ್ಕೇ ಸೂರ್ಯನಿಗೆ ಮುಖ ಕೊಟ್ಟು ಹೋಗಬೇಕು. ಇದು ಸ್ಟುಡಿಯೋದ ಪಾಠಕ್ಕೆ ಪೂರಾ ಉಲ್ಟಾ. ಬಿಸಿಲು ಏರಿದ ಮೇಲೆ ಹುಡುಕಿ ಪ್ರಯೋಜನವಿಲ್ಲ, ಎಲೆಯ ಕೆಳಗೆ ಜೋತುಬಿದ್ದು ನೆರಳು ಹಿಡಿಯುತ್ತವೆ. ಮುಂಜಾನೆ ಟಾಕಿಯ ಕೆಸರಿಗೆ ಹಳದಿ, ಬಿಳಿ, ಕಪ್ಪು ಚುಕ್ಕೆಯವು ಗುಂಪಾಗಿ ಇಳಿದು, ಸುರುಳಿ ನಾಲಿಗೆ ಬಿಚ್ಚಿ ನೀರು ಹೀರುತ್ತವೆ. ಆಗ ಅವಕ್ಕೆ ಬೇರೆ ಲಕ್ಷ್ಯವಿಲ್ಲ. ಎಕ್ಕೆಗಿಡದ ಹತ್ತಿರ ಕುಂಕುಮ ಕಲಸಿದ ಅರಿಶಿಣದ ಬಣ್ಣದವು ಸುಳಿಯುತ್ತವೆ. ರೆಕ್ಕೆಯ ತುದಿ ಕಪ್ಪು, ಅದರಲ್ಲಿ ಬಿಳಿ ಬೊಟ್ಟು. ಒಂದು ದಿನ ಅಂಥದೊಂದು ಎಲೆಯ ಅಂಚಿಗೆ ಕುಳಿತು ಹೊಟ್ಟೆ ಬಾಗಿಸಿ ಎಲೆಯ ಕೆಳಗೆ ಒತ್ತಿತು. ಹೋದ ಮೇಲೆ ಎಲೆ ತಿರುಗಿಸಿ ನೋಡಿದರೆ ಖಸಖಸೆಯಷ್ಟು ಮೊಟ್ಟೆ. ಟೀಚರ್ ಅದನ್ನು ನೋಡಿ ಸೆರಗಿನಿಂದ ಬೆವರು ಒರೆಸಿಕೊಂಡು ಸುಮ್ಮನೆ ನಕ್ಕರು.

ಇದಕ್ಕೆಲ್ಲ ನಾನು ಹೊಟ್ಟೆಯ ಮೇಲೆ ಮಲಗಬೇಕಾಗುತ್ತಿತ್ತು. ಪಾರ್ಕಿನ ಮಾಲಿ ಮಾಳಪ್ಪನಿಗೆ ಅದೊಂದು ತಮಾಷೆ.

"ಶರಣಪ್ಪ, ಏನ್ ಕಳಕೊಂಡೀ?"

"ಏನಿಲ್ಲ ಬಿಡೋ."

"ಅದಕ್ಕ ನಗು ಅನ್ನು, ನಗತದ. ಪೌಡರ್ ಹಚ್ಚಲೇನು?"

"ನಿನ್ನ ನೆರಳು ಸರಿಸಲೇ ಮೊದಲು."

"ನನ್ನ ಮದವ್ಯಾಗ ಇಷ್ಟು ಹೊತ್ತು ತೆಗೀಲಿಲ್ಲ ನೀ. ನಮ್ಮಾಕಿ ಇನ್ನೂ ಅಂತಾಳ, ಕಣ್ಣು ಮುಚ್ಚಿದ್ದಾಗ ತೆಗದಾನ ಅಂತ."

ಅದು ಮದುವೆಯ ಹಂಗಾಮು. ಮುಂಜಾನೆ ಪಾರ್ಕು, ಆಮೇಲೆ ಮದುವೆಗಳು, ರಾತ್ರಿ ಕಂಪ್ಯೂಟರು. ಪಾತರಗಿತ್ತಿಯ ಫೋಟೊಗಳನ್ನು ಹಾಕಿ ನೋಡಿದರೆ ಬಹಳಷ್ಟರ ರೆಕ್ಕೆ ಹರಿದಿತ್ತು. ಒಂದಕ್ಕೆ ಹಕ್ಕಿ ಕಚ್ಚಿದ ಗುರುತು, ಒಂದಕ್ಕೆ ಹಿಂದಿನ ರೆಕ್ಕೆಯ ಅರ್ಧವೇ ಇಲ್ಲ, ಒಂದರ ಬಣ್ಣ ಉಜ್ಜಿಹೋಗಿ ಗಾಜಿನಂತಾಗಿತ್ತು. ಪಾಪ, ಇವನ್ನು ಹೀಗೇ ಸಾಹೇಬರಿಗೆ ತೋರಿಸುವುದು ಹೇಗೆ? ಚೆನ್ನಾಗಿದ್ದ ಕಡೆಯ ರೆಕ್ಕೆಯನ್ನು ನಕಲು ಮಾಡಿ, ತಿರುಗಿಸಿ, ಹರಿದ ಕಡೆ ಅಂಟಿಸಿದೆ. ಬಣ್ಣ ತುಂಬಿದೆ. ಸುಳ್ಳೇಕೆ, ನನ್ನ ಆಯುಷ್ಯದಲ್ಲೇ ಅಷ್ಟು ಚೊಕ್ಕ ಟಚಿಂಗ್ ಮಾಡಿರಲಿಲ್ಲ. ಜೋಡು ಎಲ್ಲಿದೆ ಎಂದು ನನಗೇ ಕಾಣುತ್ತಿರಲಿಲ್ಲ. ಪ್ರಿಂಟು ಹಾಕಿದ ಮೇಲೆ ಮೂಲ ಫೋಟೊಗಳನ್ನು ಅಳಿಸಿ ಕಾರ್ಡು ಖಾಲಿ ಮಾಡಿದೆ. ಹಂಗಾಮಿನಲ್ಲಿ ಎಲ್ಲ ಸ್ಟುಡಿಯೋದವರು ಮಾಡುವುದು ಅದನ್ನೇ, ಮುಂದಿನ ಮದುವೆಗೆ ಜಾಗ ಬೇಕಲ್ಲ.

ಟೀಚರ್ ಬಂದರು. ಲಕೋಟೆ ಬಿಚ್ಚಿ ಒಂದೊಂದನ್ನೇ ಕೌಂಟರಿನ ಮೇಲಿಟ್ಟರು. ಮೆಚ್ಚುತ್ತಾರೆಂದು ಕಾಯುತ್ತಾ ನಿಂತಿದ್ದೆ. ಅವರು ಒಂದು ಪ್ರಿಂಟನ್ನು ಎತ್ತಿ ಬೆಳಕಿಗೆ ಹಿಡಿದರು, ಮತ್ತೆ ಕೆಳಗಿಟ್ಟರು.

"ಇದರ ಬಲಗಡಿ ರೆಕ್ಕಿ ಹರಿದಿತ್ತಲ್ರಿ?"

"ಹೌದ್ರಿ. ಸರಿ ಮಾಡೀನಿ. ಅದಕ್ಕ ಬ್ಯಾರೆ ರೊಕ್ಕ ಬ್ಯಾಡ."

ಅವರು ಕುರ್ಚಿಯ ಮೇಲೆ ಕುಳಿತರು. "ಎಲ್ಲಾದಕ್ಕೂ ಮಾಡೀರೇನು?"

"ಒಂದೂ ಬಿಟ್ಟಿಲ್ರಿ."

"ಯಾ ಅಲ್ಲಾ" ಎಂದರು, ಮೆಲ್ಲಗೆ. ಆಮೇಲೆ ಹೇಳಿದರು. ಪಾತರಗಿತ್ತಿಗಳೆಲ್ಲ ನೋಡಲು ಒಂದೇ. ಇದು ಸೋಮವಾರ ಕಂಡದ್ದೇ, ಶುಕ್ರವಾರವೂ ಇಲ್ಲೇ ಇದೆ ಎಂದು ತೋರಿಸಲು ಇದ್ದ ಗುರುತು ಆ ಹರಕು ಒಂದೇ. ಒಂದೊಂದರ ಹರಕೂ ಬೇರೆ. ಬಂದು ಹೋಗುವವಲ್ಲ, ಇಲ್ಲೇ ಇರುವವು ಎಂದು ಸಾಹೇಬರಿಗೆ ನಂಬಿಸಲು ಬೇಕಾಗಿದ್ದದ್ದು ಅದೇ. ನಾನು ಅದನ್ನೇ ಒರೆಸಿದ್ದೆ.

ನನಗೆ ಸಿಟ್ಟೂ ಬಂತು, ನಾಚಿಕೆಯೂ ಬಂತು. ಮೊದಲೇ ಹೇಳಬಾರದಾಗಿತ್ತೇ? ಆದರೆ ಯಾಕೆ ಹೇಳಬೇಕಾಗಿತ್ತು, ಇದ್ದದ್ದನ್ನು ಇದ್ದ ಹಾಗೆ ತೆಗೆ ಎಂದು ಫೋಟೊದವನಿಗೆ ಯಾರಾದರೂ ಹೇಳುತ್ತಾರೆಯೇ? ಕಡೆಗೆ ನನಗೆ ಒಂದು ದಾರಿ ಹೊಳೆಯಿತು.

"ಟೀಚರ್, ತಕ್ಲೀಫ್ ಮಾಡಕೋಬ್ಯಾಡ್ರಿ. ಯಾವದು ಎಲ್ಲಿ ಹರಿದಿತ್ತು ನನಗ ನೆನಪದ. ಮತ್ತ ಹರಕು ಮಾಡಿ ಕೊಡತೇನಿ."

"ಬ್ಯಾಡ್ರಿ. ಅದು ಸುಳ್ಳಾಗ್ತದ."

"ಇದ್ದ ಹರಕು ಹಾಕಿದರ ಸುಳ್ಳು ಹ್ಯಾಂಗಾಗ್ತದ್ರಿ?"

ಅವರು ಪ್ರಿಂಟುಗಳನ್ನು ಒಂದೊಂದಾಗಿ ಲಕೋಟೆಗೆ ಹಾಕಿದರು. "ಆಗ್ತದ್ರಿ" ಎಂದಷ್ಟೇ ಹೇಳಿದರು. ಅಷ್ಟು ಓದಿದವರೂ ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಆ ಪ್ರಶ್ನೆಯನ್ನು ನಾನು ಈಗಲೂ ಒಬ್ಬನೇ ಕುಳಿತಾಗ ತಿರುವಿ ಹಾಕುತ್ತೇನೆ. ಇಲ್ಲದ ಕಣ್ಣು ಇಟ್ಟಾಗ ತಾಯಿ ಸಂತೋಷಪಟ್ಟಳು. ಇದ್ದ ಹರಕನ್ನು ಇಡುತ್ತೇನೆಂದರೆ ಸುಳ್ಳು ಎಂದರು.

ಸಾಹೇಬರು ಬರಲು ಇನ್ನೂ ಒಂದು ವಾರವಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿದೆವು. ಯಾಕೆಂದು ಮಾಳಪ್ಪನಿಗೂ ಹೇಳಬೇಕಾಯಿತು. ಮೊದಲಿನ ಹರಕು ರೆಕ್ಕೆಯವು ಒಂದೂ ಕಾಣಲಿಲ್ಲ. ಬೇಕಾದಾಗ ಎಲ್ಲವೂ ಮದುಮಗಳಂತೆ ಹೊಸ ಸೀರೆಯವೇ. ಎರಡು ದಿನ ಹರಕು ಹುಡುಕಿದೆ. ಅಷ್ಟು ವರ್ಷ ಕಲೆ ಕಂಡರೆ ಕೈ ತುರಿಸುತ್ತಿದ್ದವನು, ಕಲೆ ಸಿಕ್ಕರೆ ಸಾಕಪ್ಪ ಎಂದು ಕೆಸರಿನಲ್ಲಿ ಬಿದ್ದುಕೊಂಡಿದ್ದೆ. ಕಡೆಗೆ ಎಕ್ಕೆಗಿಡದ ಮೇಲೆ ಒಂದು ಸಿಕ್ಕಿತು. ಎಡಗಡೆ ಹಿಂದಿನ ರೆಕ್ಕೆಯಲ್ಲಿ ಯಾರೋ ವೀಳ್ಯದೆಲೆಯ ತುದಿ ಚಿವುಟಿದಂಥ ಕಚ್ಚು. ತೆಗೆದೆ. ಮರುದಿನ ಕಾಣಲಿಲ್ಲ. ಅದರ ಮರುದಿನ ಅದೇ ಗಿಡ, ಅದೇ ಕಚ್ಚು. ತೆಗೆದು ಕ್ಯಾಮೆರಾದ ಪರದೆಯಲ್ಲಿ ಟೀಚರ್‌ಗೆ ತೋರಿಸಿದೆ. "ಅದೇ, ಅದೇ" ಎಂದು ನನ್ನ ಅಂಗಿಯ ತೋಳು ಹಿಡಿದು ಜಗ್ಗಿದರು.

ಎರಡು ಸಾಲದು, ಇನ್ನೊಂದು ಬೇಕೆಂದರು. ಸಾಹೇಬರು ಬರುವ ಹಿಂದಿನ ದಿನ ಭೂಸನೂರಿನಲ್ಲಿ ಒಂದು ಮದುವೆಯ ಫೋಟೊ ಒಪ್ಪಿಕೊಂಡಿದ್ದೆ. ಬೆಳಕು ಹರಿಯುತ್ತಲೇ ಅರಿಶಿಣದ ಶಾಸ್ತ್ರ. ಆದರೂ ನಾನು ಮೊದಲು ಪಾರ್ಕಿಗೆ ಹೋದೆ. ಬಿಸಿಲು ಬಿದ್ದು ರೆಕ್ಕೆ ಬೆಚ್ಚಗಾಗುವವರೆಗೆ ಪಾತರಗಿತ್ತಿ ಏಳುವುದಿಲ್ಲ, ಅದನ್ನು ಅವಸರ ಮಾಡುವ ಉಪಾಯ ಯಾರಿಗೂ ಗೊತ್ತಿಲ್ಲ. ಕಡೆಗೊಂದು ಬಂತು, ಎಲೆಯ ಮರೆಯಲ್ಲಿ ಕುಳಿತಿತು. ಕಚ್ಚು ಇತ್ತು, ಆದರೆ ಓರೆಯಾಗಿ, ಅರ್ಧ ನೆರಳಿನಲ್ಲಿ. ಎರಡು ಕ್ಲಿಕ್ ಆಗುವಷ್ಟರಲ್ಲಿ ಹಾರಿತು. ಗಾಡಿ ಹತ್ತಿ ಭೂಸನೂರಿಗೆ ಮುಟ್ಟಿದಾಗ ಅರಿಶಿಣ ಮುಗಿದು ಮದುಮಗ ಸ್ನಾನಕ್ಕೆ ಏಳುತ್ತಿದ್ದ.

"ಎಲ್ಲಿ ಹೋಗಿದ್ದಿ?" ಎಂದ ಮದುಮಗನ ಸೋದರಮಾವ.

"ಒಂದು ಫೋಟೊ ಇತ್ರಿ."

"ನಮ್ಮದಕ್ಕಿಂತ ದೊಡ್ಡವರ ಮದವೀನಾ?"

ನಾನು ಕ್ಯಾಮೆರಾ ಚೀಲ ಬಿಚ್ಚತೊಡಗಿದೆ. ಅವನು ಹೆಂಗಸರನ್ನು ಕೂಗಿದ. ಮದುಮಗನನ್ನು ತಿರುಗಿ ಮಣೆಯ ಮೇಲೆ ಕೂರಿಸಿ, ತಿರುಗಿ ಅರಿಶಿಣ ಕಲಸಿ, ಕ್ಯಾಮೆರಾಕ್ಕೆಂದು ಇನ್ನೊಮ್ಮೆ ಹಚ್ಚಿದರು. ಮೊದಲಿನದಕ್ಕಿಂತ ಇದರಲ್ಲೇ ಹೆಚ್ಚು ನಕ್ಕರಂತೆ. ಆ ಫೋಟೊ ಅವರ ಆಲ್ಬಮಿನ ಮೊದಲ ಪುಟದಲ್ಲಿದೆ. ಇದನ್ನು ಟೀಚರ್ ಏನೆನ್ನುತ್ತಿದ್ದರೋ, ಕೇಳುವ ಧೈರ್ಯವಾಗಲಿಲ್ಲ.

ಮರುದಿನ ಸಾಹೇಬರು ಪಾರ್ಕಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ನಕ್ಷೆ. ಸಿಮೆಂಟಿನ ಚೀಲಗಳು ಆಗಲೇ ಗೇಟಿನ ಹತ್ತಿರ ಇಳಿದಿದ್ದವು. ಟೀಚರ್ ಮೂರು ಪ್ರಿಂಟುಗಳನ್ನು ಕಲ್ಲುಬೆಂಚಿನ ಮೇಲೆ ಸಾಲಾಗಿ ಇಟ್ಟರು. ಏನೂ ಮಾಡದ ಪ್ರಿಂಟುಗಳು, ಬಣ್ಣ ಕೂಡ ಏರಿಸಿರಲಿಲ್ಲ. ನನ್ನ ಹೆಸರಿನಲ್ಲಿ ಅಂಥವನ್ನು ಹೊರಗೆ ಕೊಟ್ಟದ್ದು ಅದೇ ಮೊದಲು.

ಸಾಹೇಬರು ಬಗ್ಗಿ ನೋಡಿದರು. "ಭಾಳ ಡಲ್ ಅದಾವಲ್ಲ" ಎಂದರು. ಆಮೇಲೆ, "ಮೂರರಾಗೂ ಇಲ್ಲಿ ಹರದದ."

"ಮೂರೂ ಒಂದೇ ಪಾತರಗಿತ್ತಿ ಸರ್" ಎಂದರು ಟೀಚರ್. "ಬ್ಯಾರೆ ಬ್ಯಾರೆ ದಿನ ತೆಗೆದದ್ದು. ಇಲ್ಲೇ ಇರತದ, ಇಲ್ಲೇ ಮೊಟ್ಟಿ ಇಡತದ."

ಸಾಹೇಬರು ನನ್ನ ಕಡೆ ತಿರುಗಿದರು. "ನೀ ಒಕ್ಕಣ್ಣಾಂವಗ ಎರಡು ಕಣ್ಣು ಇಟ್ಟಾಂವ ಅಲ್ಲೇನು? ರೆಕ್ಕಿ ಹೊಲಿದು ಕೊಟ್ಟಿದ್ದೆಂತ, ಮಾಳಪ್ಪ ಹೇಳಿದ."

ಮಾಳಪ್ಪ ಪೈಪು ಹಿಡಿದುಕೊಂಡು ಗಿಡದ ಕಡೆ ನೋಡಿದ.

"ಹೌದ್ರಿ. ನಾನೇ."

"ಹಂಗಾರ ಈ ಹರಕೂ ನೀನೇ ಮಾಡಿರಬಹುದು."

ಜೀವಮಾನವಿಡೀ ಗಳಿಸಿದ ಹೆಸರು ನನ್ನ ಎದುರಿಗೇ ನಿಂತು ನನ್ನನ್ನೇ ನಂಬಬೇಡಿ ಎಂದಂತಾಯಿತು. "ಇದರಾಗ ಏನೂ ಮಾಡಿಲ್ರಿ" ಎಂದೆ.

"ಸರಿ. ತೆಗದಾಂವ ನೀನು. ನೀನ ಹೇಳು. ಮೂರೂ ಒಂದೇ ಏನು?"

ಟೀಚರ್ ನನ್ನನ್ನೇ ನೋಡುತ್ತಿದ್ದರು. ಹೌದು ಎಂದರೆ ಮೂಲೆ ಉಳಿಯುತ್ತಿತ್ತು, ಅಷ್ಟು ನನಗೂ ಗೊತ್ತು. ಆದರೆ ಆ ಮೂರನೆಯದನ್ನು ಹಿಂದಿನ ರಾತ್ರಿ ದೊಡ್ಡದು ಮಾಡಿ ಮಾಡಿ ನೋಡಿದ್ದೆ. ಕಚ್ಚು ಅಲ್ಲೇ ಇತ್ತು, ಆದರೆ ಸ್ವಲ್ಪ ಅಗಲವಾಗಿತ್ತು. ಮತ್ತೆ ಹರಿದಿರಬಹುದು. ಓರೆಯಾಗಿದ್ದಕ್ಕೆ ಹಾಗೆ ಕಂಡಿರಬಹುದು. ಬೇರೆಯದೇ ಇರಬಹುದು.

"ಮೊದಲಿನ ಎರಡು ಒಂದೇ ಅಂತ ಆಣಿ ಮಾಡತೇನ್ರಿ" ಎಂದೆ. "ಮೂರನೇದು ನನಗ ಗೊತ್ತಾಗವಲ್ದು."

ಟೀಚರ್ ಕಣ್ಣು ಕೆಳಗೆ ಹಾಕಿದರು. ಮಾಳಪ್ಪನ ಪೈಪಿನ ನೀರು ಒಂದೇ ಕಡೆ ಬೀಳುತ್ತಿತ್ತು. ಸಾಹೇಬರು ಮೂರನೆಯ ಪ್ರಿಂಟನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಕಣ್ಣು ಇಡಾಂವಗ ಗೊತ್ತಾಗವಲ್ದಂತ" ಎಂದರು. ನಕ್ಕರೋ ಇಲ್ಲವೋ ತಿಳಿಯಲಿಲ್ಲ. "ಟೀಚರ್, ಇವನು ಮೂರೂ ಒಂದೇ ಅಂದಿದ್ರ ನಾ ಒಂದನ್ನೂ ನಂಬತಿದ್ದಿಲ್ಲ. ಎಲ್ಲದ ಅದು, ನಡೀರಿ."

ಮೂಲೆಗೆ ಹೋಗಿ ನಿಂತೆವು. ಬಿಸಿಲು ಏರಿತ್ತು, ಎಲ್ಲವೂ ಎಲೆಯ ಕೆಳಗೆ ಸೇರಿದ್ದವು. ಕಚ್ಚಿನದೂ ಕಾಣಲಿಲ್ಲ, ಬೇರೆಯದೂ ಕಾಣಲಿಲ್ಲ. ಟೀಚರ್ ಎಕ್ಕೆಯ ಎಲೆ ತಿರುಗಿಸಿ ಮೊಟ್ಟೆ ತೋರಿಸಿದರು, ಸಾಹೇಬರು ಕನ್ನಡಕ ತೆಗೆದು ಹಾಕಿ ನೋಡಿದರು. "ನಾ ಅದನ್ನ ನೋಡೂತನಕ ಈ ಕಡಿ ಕೈ ಹಚ್ಚಬ್ಯಾಡ್ರಿ. ಆ ಕಡಿಯಿಂದ ಶುರು ಮಾಡ್ರಿ" ಎಂದು ಗುತ್ತಿಗೆಯವನಿಗೆ ಹೇಳಿ ಹೋದರು.

ಅವರು ಖರೇನೇ ಬರತೊಡಗಿದರು. ಮುಂಜಾನೆ ವಾಕಿಂಗ್ ಬೂಟು ಹಾಕಿಕೊಂಡು, ಮೊಬೈಲು ಹಿಡಿದು. ಮೊದಮೊದಲು ನಿಂತು ತೆಗೆದರು, ಆಮೇಲೆ ಕುಕ್ಕರಗಾಲಿನಲ್ಲಿ, ಮಳೆ ಹತ್ತಿರ ಬರುವ ಹೊತ್ತಿಗೆ ಹೊಟ್ಟೆಯ ಮೇಲೆ. ಮಾಳಪ್ಪ ಅವರಿಗೆ ಏನೂ ಅನ್ನುವಂತಿರಲಿಲ್ಲ, ನನ್ನ ಅಂಗಡಿಗೆ ಬಂದು ಅಂದು ಹೋಗುತ್ತಿದ್ದ.

ಒಂದು ದಿನ ಸಾಹೇಬರು ಅಂಗಡಿಗೇ ಬಂದರು. ಮೊಬೈಲು ಕೌಂಟರಿನ ಮೇಲಿಟ್ಟು ಒಂದು ಫೋಟೊ ತೋರಿಸಿದರು. ಎಕ್ಕೆಯ ಎಲೆ ಸ್ಪಷ್ಟವಾಗಿತ್ತು, ಅದರ ಮೇಲೆ ಅರಿಶಿಣ ಕುಂಕುಮದ ಒಂದು ಮಸುಕು.

"ಇದೇ ಅದು ನೋಡು, ಕಚ್ಚಿನದು. ಅದೇ ಅಂತ ನನಗ ಅನಸ್ತದ. ಅಲ್ಲಾಡಿ ಹೋಗ್ಯದ. ಸ್ವಲ್ಪ ಸರಿ ಮಾಡಿ ಕೊಡು."

ಮಸುಕಿನಲ್ಲಿ ಕಚ್ಚೂ ಇರಲಿಲ್ಲ, ರೆಕ್ಕೆಯೂ ಇರಲಿಲ್ಲ. ಸರಿ ಮಾಡುವುದು ನನಗೆ ಎಷ್ಟರ ಕೆಲಸ? ಬೇರೆ ಫೋಟೊದ ರೆಕ್ಕೆ ತಂದು ಇಟ್ಟು, ಅವರು ಹೇಳಿದ ಕಡೆ ಕಚ್ಚು ಹಾಕಿದ್ದರೆ ಖುಷಿಯಿಂದ ಮನೆಗೆ ಒಯ್ಯುತ್ತಿದ್ದರು. ನಾನು ಮೊಬೈಲನ್ನು ಅವರ ಕಡೆ ಸರಿಸಿದೆ.

"ಇದು ಸರಿ ಮಾಡಾಕ ಬರಂಗಿಲ್ರಿ ಸಾಹೇಬ್ರ. ನಾಳಿ ಮುಂಜಾನೆ ಮತ್ತ ಹೋಗಬೇಕು."

"ಬರಂಗಿಲ್ಲ?"

"ಬರಂಗಿಲ್ರಿ."

ಅವರು ಮೊಬೈಲನ್ನು ಜೇಬಿಗೆ ಹಾಕಿಕೊಂಡು, "ಎಷ್ಟು ಹೊತ್ತಿಗೆ ಏಳತದ ಅದು?" ಎಂದು ಕೇಳಿದರು. ಬಿಸಿಲು ಬಿದ್ದ ಮೇಲೆ ಎಂದೆ. ಮರುದಿನವೂ ಹೋದರಂತೆ.